ವಿದೇಶದಿಂದ ನೌಕರರನ್ನು ಕರೆಸುವ ಕಂಪನಿಗಳು ಮೊದಲು ಸರಿಮಾಡಿಕೊಳ್ಳಬೇಕಾದ ಕಾಗದ

ಬೆಂಗಳೂರಿನ ಕಂಪನಿಯೊಂದು ಜರ್ಮನಿಯಿಂದಲೋ ಜಪಾನಿನಿಂದಲೋ ಎಂಜಿನಿಯರ್ ಒಬ್ಬರನ್ನು ನೇಮಿಸಿಕೊಂಡಾಗ ಎಲ್ಲರಿಗೂ ಚಿಂತೆ ರಾಯಭಾರ ಕಚೇರಿಯದ್ದೇ. ಆದರೆ ಫೈಲು ಕೆಡುವುದು ಬಹುಪಾಲು ಅದಕ್ಕೂ ಮೊದಲು, ಎಚ್‌ಆರ್ ಮೇಜಿನ ಮೇಲೆ, ನೇಮಕಾತಿ ಕರಾರು ಬರೆಯುವಾಗ. ಆ ಕರಾರನ್ನು ವೀಸಾ ಕೊಡುವವರು ಓದುತ್ತಾರೆ, ವಿದೇಶಿಯರ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಒ ಓದುತ್ತದೆ, ಅವಧಿ ವಿಸ್ತರಣೆಗೆ ಹೋದಾಗ ಮತ್ತೆ ತೆಗೆದು ನೋಡುತ್ತಾರೆ. ಅದರಲ್ಲಿ ಒಂದು ಸಾಲು ತಪ್ಪಿದರೂ ಮನೆ ಖಾಲಿ ಮಾಡಿ, ಮಕ್ಕಳನ್ನು ಶಾಲೆ ಬಿಡಿಸಿ ಹೊರಟು ನಿಂತ ಕುಟುಂಬ ಅಲ್ಲೇ ಕಾಯಬೇಕಾಗುತ್ತದೆ.

ವೀಸಾ ಬೇಕೇ ಎಂಬುದನ್ನು ಮೊದಲು ನೋಡಿ. ನೇಪಾಳ, ಭೂತಾನ್ ಪ್ರಜೆಗಳಿಗೆ ಬೇಡ. ಅಮೆರಿಕದ ಪಾಸ್‌ಪೋರ್ಟ್ ಇಟ್ಟುಕೊಂಡು ಊರಿಗೆ ಮರಳುವ ನಮ್ಮವರ ಬಳಿ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೆ ಸಾಮಾನ್ಯ ಕಂಪನಿ ಕೆಲಸಕ್ಕೆ ಎಂಪ್ಲಾಯ್‌ಮೆಂಟ್ ವೀಸಾದ ಅಗತ್ಯವಿಲ್ಲ. ಪತ್ರಿಕೋದ್ಯಮ, ಸಂಶೋಧನೆಯಂಥ ಕೆಲವಕ್ಕೆ ಮಾತ್ರ ವಿಶೇಷ ಅನುಮತಿ ಬೇಕು.

ಉಳಿದವರ ವಿಷಯದಲ್ಲಿ ಸಂಬಳದ ಗೆರೆ ವರ್ಷಕ್ಕೆ 16.25 ಲಕ್ಷ ರೂಪಾಯಿ. ಅದಕ್ಕಿಂತ ಹೆಚ್ಚಿರಬೇಕು. ಆಯಾ ದೇಶದ ಅಡುಗೆ ಮಾಡುವ ಬಾಣಸಿಗರು, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವವರು, ಅನುವಾದಕರಿಗೆ ವಿನಾಯಿತಿ ಇದೆ. ಇಲ್ಲೊಂದು ಸಣ್ಣ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ತಿಂಗಳಿಗೆ 1,35,000 ಎಂದು ದುಂಡಗೆ ಬರೆದರೆ ವರ್ಷಕ್ಕೆ 16.20 ಲಕ್ಷವಾಗುತ್ತದೆ, ಐದು ಸಾವಿರ ಕಡಿಮೆ ಬೀಳುತ್ತದೆ. ನಗದಾಗಿ ಕೊಡುವ ಸಂಬಳ, ಭತ್ಯೆಗಳು ಲೆಕ್ಕಕ್ಕೆ ಬರುತ್ತವೆ. ಬಾಡಿಗೆರಹಿತ ಮನೆಯಂಥ ಸೌಲಭ್ಯಗಳು ಆದಾಯ ತೆರಿಗೆಯ ಲೆಕ್ಕಕ್ಕೆ ಸೇರುವುದಾದರೆ ಮಾತ್ರ ಇಲ್ಲಿಗೂ ಸೇರುತ್ತವೆ. ಯಾವುದು ನಗದು, ಯಾವುದು ಸೌಲಭ್ಯ ಎಂದು ಕರಾರಿನಲ್ಲಿ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಬೋನಸ್ ನಂಬಿಕೊಂಡು ಗೆರೆ ದಾಟಿಸಬೇಡಿ. ಡಾಲರಿನಲ್ಲಿ ಬರೆಯುವುದಕ್ಕಿಂತ ರೂಪಾಯಿಯಲ್ಲೇ ಬರೆಯುವುದು ಕ್ಷೇಮ.

ಕಂಪನಿಯ ಹೆಸರು ನೋಂದಣಿ ಪತ್ರದಲ್ಲಿ ಇರುವಂತೆಯೇ ಇರಲಿ, ಬ್ರ್ಯಾಂಡ್ ಹೆಸರು ಬೇಡ. ಈ ಕೆಲಸಕ್ಕೆ ಇವರೇ ಏಕೆ ಎಂದು ಲೆಟರ್‌ಹೆಡ್‌ನಲ್ಲಿ ಕೊಡುವ ಪತ್ರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅರ್ಹ ಭಾರತೀಯರು ಸಾಕಷ್ಟು ಸಿಗುವ ಕೆಲಸಕ್ಕೆ, ಗುಮಾಸ್ತಿಕೆಯಂಥ ಕೆಲಸಕ್ಕೆ ಈ ವೀಸಾ ಇಲ್ಲ. ‘ಮ್ಯಾನೇಜರ್’ ಎಂದಷ್ಟೇ ಬರೆದರೆ ಪ್ರಶ್ನೆ ಬಂದೇ ಬರುತ್ತದೆ. ಯಾವ ಯಂತ್ರ, ಯಾವ ತಂತ್ರಜ್ಞಾನ, ಎಷ್ಟು ವರ್ಷದ ಅನುಭವ ಎಂಬುದನ್ನು ಹೇಳಿ. ‘ಸದ್ಯಕ್ಕೆ ಬಿಸಿನೆಸ್ ವೀಸಾದಲ್ಲಿ ಬರಲಿ’ ಎಂಬ ಸಲಹೆ ಆಗಾಗ ಕಿವಿಗೆ ಬೀಳುತ್ತದೆ. ದಯವಿಟ್ಟು ಒಪ್ಪಬೇಡಿ. ಅದರಲ್ಲಿ ಮೀಟಿಂಗ್‌ಗೆ ಬರಬಹುದು, ನಿಮ್ಮ ನೌಕರರಾಗಿ ಕೆಲಸ ಮಾಡುವಂತಿಲ್ಲ. ಸಿಕ್ಕಿಬಿದ್ದರೆ ಪೆಟ್ಟು ಬೀಳುವುದು ಬಂದ ವ್ಯಕ್ತಿಗೆ.

ವೀಸಾದ ಅವಧಿ ಶುರುವಾಗುವುದು ಕೊಟ್ಟ ದಿನದಿಂದ, ವಿಮಾನ ಇಳಿದ ದಿನದಿಂದಲ್ಲ. ಒಂದು ವರ್ಷದ ವೀಸಾ ಪಡೆದವರು ಎರಡು ತಿಂಗಳು ತಡವಾಗಿ ಬಂದರೆ ಕೈಯಲ್ಲಿ ಉಳಿಯುವುದು ಹತ್ತೇ ತಿಂಗಳು. ಸೇರುವ ದಿನ ಗಟ್ಟಿಯಾದ ಮೇಲೆ ಅರ್ಜಿ ಹಾಕಿಸಿ.

180 ದಿನಕ್ಕಿಂತ ಹೆಚ್ಚಿನ ವೀಸಾ ಇದ್ದವರು ಬಂದ 14 ದಿನದೊಳಗೆ ಇ-ಎಫ್‌ಆರ್‌ಆರ್‌ಒ ಪೋರ್ಟಲ್‌ನಲ್ಲಿ ನೋಂದಣಿಗೆ ಅರ್ಜಿ ಹಾಕಬೇಕು. ಪಾಸ್‌ಪೋರ್ಟ್, ವೀಸಾ, ವಲಸೆ ಮುದ್ರೆ ಬಿದ್ದ ಪುಟ, ಕರಾರು, ಕಂಪನಿಯ ಮುಚ್ಚಳಿಕೆ ಪತ್ರ, ಅದಕ್ಕೆ ಸಹಿ ಹಾಕಿದವರ ಗುರುತಿನ ಚೀಟಿ ಇವೆಲ್ಲ ನಿಮ್ಮ ಕೈಯಲ್ಲೇ ಇರುತ್ತವೆ. ನಿಮ್ಮ ಕೈಯಲ್ಲಿಲ್ಲದ್ದು ಫಾರ್ಮ್ ಸಿ (2025ರ ಹೊಸ ನಿಯಮಗಳಲ್ಲಿ ಫಾರ್ಮ್ III). ವಿದೇಶಿಯರಿಗೆ ಮನೆ ಕೊಟ್ಟವರು ಅವರು ಬಂದ 24 ಗಂಟೆಯೊಳಗೆ ಇದನ್ನು ಆನ್‌ಲೈನಿನಲ್ಲಿ ತುಂಬಬೇಕು, ಅದಕ್ಕೆ ಮನೆ ಮಾಲೀಕರ ಹೆಸರಿನಲ್ಲಿ ಖಾತೆ ಬೇಕು. ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಟ್ಟ ನಿವೃತ್ತ ಮೇಷ್ಟ್ರಿಗೆ ಇದೆಲ್ಲ ಎಲ್ಲಿ ಗೊತ್ತಿರುತ್ತದೆ? ಕೀ ಪಡೆಯುವ ಮೊದಲೇ ಎಚ್‌ಆರ್‌ನವರು ಕೂತು ಅವರಿಗೆ ಖಾತೆ ತೆರೆದುಕೊಡಿ. ತುಂಬುವಾಗ ಅಡ್ಡಹೆಸರು ಮೊದಲೋ ಕೊಟ್ಟ ಹೆಸರು ಮೊದಲೋ ಎಂದು ಪಾಸ್‌ಪೋರ್ಟಿನ ಪುಟ ನೋಡಿ ಅಕ್ಷರಕ್ಕೆ ಅಕ್ಷರ ಹೊಂದಿಸಿ. ಪಾಸ್‌ಪೋರ್ಟ್ ಸಂಖ್ಯೆಯ ಸೊನ್ನೆಯನ್ನು ‘ಓ’ ಎಂದು ಟೈಪಿಸಿದರೂ ತಾಳೆಯಾಗುವುದಿಲ್ಲ. ಮೊದಲ ಕೆಲವು ವಾರ ಸರ್ವೀಸ್ ಅಪಾರ್ಟ್‌ಮೆಂಟಿನಲ್ಲಿ ಇರಿಸಿದರೆ ಸುಲಭ, ಅವರಿಗೆ ಈ ಕೆಲಸ ರೂಢಿ. ಮನೆ ಬದಲಿಸಿದಾಗ ಹೊಸ ವಿಳಾಸ ತಿಳಿಸುವುದನ್ನು ಮಾತ್ರ ಮರೆಯಬೇಡಿ.

ಅವಧಿ ಮುಗಿಯುವ ಎರಡು ತಿಂಗಳ ಮೊದಲೇ ವಿಸ್ತರಣೆಯ ಕಾಗದ ಜೋಡಿಸಿ. ಕೊಟ್ಟ ಸಂಬಳಕ್ಕೆ ತೆರಿಗೆ ಕಟ್ಟಿದ್ದಕ್ಕೆ ದಾಖಲೆ ಕೇಳುತ್ತಾರೆ. ಕರಾರಿನ ಮೊತ್ತವೂ ಕಂಪನಿ ಕೊಡುವ ತೆರಿಗೆ ಕಡಿತದ ಪ್ರಮಾಣಪತ್ರದ (ಫಾರ್ಮ್ 16) ಮೊತ್ತವೂ ಹೊಂದದಿದ್ದರೆ ಅಲ್ಲೇ ನಿಲ್ಲುತ್ತದೆ. ಹೀಗೆ ವಿಸ್ತರಿಸುತ್ತ ಮೊದಲ ವೀಸಾ ಕೊಟ್ಟ ದಿನದಿಂದ ಒಟ್ಟು ಐದು ವರ್ಷದವರೆಗೆ ಹೋಗಬಹುದು.

ಪಿಎಫ್ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. ನಮ್ಮ ನೌಕರರಿಗೆ 15,000 ರೂಪಾಯಿಯ ಮಿತಿಯ ಮೇಲೆ 1,800 ಕಟ್ಟಿದರೆ ನಡೆಯುತ್ತದೆ. ವಿದೇಶಿ ನೌಕರರಿಗೆ ಆ ಮಿತಿ ಇಲ್ಲ. ಮೂಲ ವೇತನ ಒಂದು ಲಕ್ಷವಿದ್ದರೆ ಅವರಿಂದ 12,000, ಕಂಪನಿಯಿಂದ 12,000. ಈ ವಿಶೇಷ ನಿಯಮವನ್ನು ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ಅಸಾಂವಿಧಾನಿಕ ಎಂದಿತು, ದೆಹಲಿ ಹೈಕೋರ್ಟ್ 2025ರಲ್ಲಿ ಅದೇ ನಿಯಮ ಸರಿಯೆಂದು ಎತ್ತಿಹಿಡಿಯಿತು. ಹಾಗಾಗಿ ವಕೀಲರನ್ನು ಕೇಳದೆ ಕಟ್ಟುವುದನ್ನು ನಿಲ್ಲಿಸಬೇಡಿ. ಭಾರತದೊಂದಿಗೆ ಸಾಮಾಜಿಕ ಭದ್ರತಾ ಒಪ್ಪಂದವಿರುವ ಜರ್ಮನಿ, ಜಪಾನ್, ಫ್ರಾನ್ಸ್‌ನಂಥ ದೇಶಗಳ ಕಂಪನಿಯೇ ಇಲ್ಲಿಗೆ ಕಳಿಸಿದವರಾದರೆ, ಅಲ್ಲಿನ ಯೋಜನೆಯಲ್ಲೇ ಇದ್ದಾರೆ ಎಂದು ಹೇಳುವ ಕವರೇಜ್ ಪ್ರಮಾಣಪತ್ರ ತಂದರೆ ಇಲ್ಲಿ ಕಟ್ಟಬೇಕಿಲ್ಲ. ಅದನ್ನು ಹೊರಡುವ ಮೊದಲೇ ಮಾಡಿಸಿಕೊಳ್ಳಬೇಕು.

ಕೆಲಸ ಬಿಟ್ಟರೆ ಬೇರೆ ಕಂಪನಿಗೆ ಹಾಗೇ ಸೇರುವಂತಿಲ್ಲ. ಒಂದೇ ಗುಂಪಿನ ಮಾತೃ ಕಂಪನಿ, ಅಂಗಸಂಸ್ಥೆಗಳ ನಡುವೆ ಮಾತ್ರ ಷರತ್ತಿನ ಮೇಲೆ ಅನುಮತಿ ಸಿಗುತ್ತದೆ. ಉಳಿದವರು ದೇಶ ಬಿಟ್ಟು ಹೊಸ ವೀಸಾ ತರಬೇಕು. ಇದನ್ನು ಆಫರ್ ಕೊಡುವ ದಿನವೇ ಅವರಿಗೆ ಬಾಯಿಬಿಟ್ಟು ಹೇಳಿ. ಕೊನೆಯ ಕೆಲಸದ ದಿನವನ್ನು ಕಂಪನಿಯೇ ಎಫ್‌ಆರ್‌ಆರ್‌ಒಗೆ ತಿಳಿಸಲಿ. ಮುಚ್ಚಳಿಕೆಯಲ್ಲಿ ಅವರ ಜವಾಬ್ದಾರಿ ಹೊತ್ತು ಸಹಿ ಹಾಕಿರುವುದು ನೀವೇ.