ಗಂಟೆ ಹೊಡೆಯುವ ಮುನ್ನ

ನಮ್ಮ ಸರ್ಕಾರಿ ಶಾಲೆಯ ನಲಿಕಲಿ ತರಗತಿಗೆ (ಚಿಕ್ಕ ಮಕ್ಕಳು ಚಟುವಟಿಕೆಗಳ ಮೂಲಕ ಕಲಿಯುವ ತರಗತಿ) ಆಟಿಸಂ ಇರುವ ಹುಡುಗನೊಬ್ಬ ಸೇರಿದ. ಗಂಟೆ ಬಾರಿಸಿದಾಗಲೆಲ್ಲ ಕಿರುಚಿ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಸಂಜೆ ಗೇಟಿನ ಬಳಿ ಅವನ ತಾಯಿ ಕಂಡರೆ ಸಾಕು, ನಾನು ದೂರಿನ ಗಂಟು ಬಿಚ್ಚುತ್ತಿದ್ದೆ: ಇವತ್ತು ಪುಸ್ತಕ ಹರಿದ, ಇವತ್ತು ಪಕ್ಕದವಳನ್ನು ಕಚ್ಚಿದ. ಕೆಲವೇ ದಿನಗಳಲ್ಲಿ ಆಕೆ ಬರುವುದನ್ನೇ ನಿಲ್ಲಿಸಿದರು. ಐದನೇ ತರಗತಿಯಲ್ಲಿದ್ದ ಅಕ್ಕನೇ ತಮ್ಮನನ್ನು ಕರೆದೊಯ್ಯತೊಡಗಿದಳು. ಆ ತಾಯಿಗೆ ಮಗನ ಚಿಂತೆಯೇ ಇಲ್ಲ ಎಂದು ಸಹೋದ್ಯೋಗಿಗಳ ಮುಂದೆ ನಾನು ಆಡಿದ ಮಾತು ಈಗಲೂ ಚುಚ್ಚುತ್ತದೆ.

ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ನೆರವಾಗುವ ತಾಲ್ಲೂಕಿನ ಸಂಪನ್ಮೂಲ ಶಿಕ್ಷಕಿಯೊಂದಿಗೆ (ಬಿ.ಐ.ಇ.ಆರ್.ಟಿ.) ಒಮ್ಮೆ ಆ ಹುಡುಗನ ಮನೆಗೆ ಹೋದೆ. ಒಲೆಯ ಮೇಲೆ ಕುಕ್ಕರ್ ಇತ್ತು. ತಾಯಿ ನಮ್ಮೊಡನೆ ಮಾತನಾಡುತ್ತಲೇ ಮಗನ ಕಡೆ ತಿರುಗಿ, "ಪುಟ್ಟಾ, ಕುಕ್ಕರ್ ಕೂಗುತ್ತದೆ ನೋಡು" ಎಂದರು. ಅವನು ಎರಡೂ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಹೋದ. ಮೂರು ಸೀಟಿ ಮುಗಿದ ಮೇಲೆ ತಾನಾಗಿಯೇ ಬಂದು ಕುಳಿತ.

"ಮೊದಲೇ ಹೇಳಿಬಿಟ್ಟರೆ ತಡೆದುಕೊಳ್ಳುತ್ತಾನೆ ಮೇಡಂ" ಎಂದರು ಆಕೆ.

ಮೂರು ತಿಂಗಳು ನಾನು ಹುಡುಕುತ್ತಿದ್ದ ಉತ್ತರ ಆ ಅಡುಗೆಮನೆಯಲ್ಲಿತ್ತು. ನಾನು ಕೇಳಿರಲೇ ಇಲ್ಲ. ಮರುದಿನದಿಂದ ಗಂಟೆ ಹೊಡೆಯುವ ಹುಡುಗ ನಮ್ಮ ಕಿಟಕಿಯ ಬಳಿ ಕೈ ತೋರಿಸಿ ಹೋಗುತ್ತಿದ್ದ. ನಾನು ಪುಟ್ಟನಿಗೆ ಹೇಳುತ್ತಿದ್ದೆ. ಕಿರುಚಾಟ ಪೂರ್ತಿ ನಿಲ್ಲಲಿಲ್ಲ, ಆದರೆ ತಲೆ ಚಚ್ಚಿಕೊಳ್ಳುವುದು ನಿಂತಿತು.

ಬಿಸಿಯೂಟದ ತಟ್ಟೆಯನ್ನು ಅವನೇ ತೊಳೆದಿಟ್ಟ ದಿನ ತಾಯಿಗೆ ಫೋನ್ ಮಾಡಿದೆ. ಆಕೆಯ ಮೊದಲ ಮಾತು, "ಏನು ಮಾಡಿದ ಮೇಡಂ?" ಆ ದನಿಯಲ್ಲಿದ್ದ ಭಯ ನನ್ನ ದೂರುಗಳು ಬೆಳೆಸಿದ್ದು. ತಟ್ಟೆಯ ವಿಷಯ ಹೇಳಿದೆ. ಬಹಳ ಹೊತ್ತು ಆ ಕಡೆಯಿಂದ ಮಾತೇ ಬರಲಿಲ್ಲ.

ಆಮೇಲೆ ಆಕೆ ತಾವಾಗಿಯೇ ಕಷ್ಟ ಹೇಳಿಕೊಂಡರು. ಅಂಗವೈಕಲ್ಯ ಪ್ರಮಾಣಪತ್ರಕ್ಕೆಂದು ಎರಡು ಸಲ ಆಸ್ಪತ್ರೆಗೆ ಹೋಗಿ, ಯಾವುದೋ ಒಂದು ಕಾಗದ ಇಲ್ಲದೆ ವಾಪಸಾಗಿದ್ದರು. ಪ್ರತಿ ಸಲವೂ ಒಂದು ದಿನದ ಕೂಲಿ ಹೋಯಿತು. ಆಟಿಸಂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಒಂದು. ಆ ಪ್ರಮಾಣಪತ್ರದಲ್ಲಿ ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ಕೇಂದ್ರದ ನಿರಾಮಯ ಆರೋಗ್ಯ ವಿಮೆಯಲ್ಲಿ, ಥೆರಪಿಯೂ ಸೇರಿ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಿದೆ. ಇದನ್ನೆಲ್ಲ ಹೇಳಿ ಕಳಿಸಿದರೆ ನಮ್ಮ ಕೆಲಸ ಮುಗಿಯುವುದಿಲ್ಲ. ಹಿಂದಿನ ಸಂಜೆಯೇ ಕಾಗದಗಳನ್ನು ಜೋಡಿಸಿಕೊಟ್ಟು, ವೈದ್ಯರು ಇರುವ ದಿನವನ್ನು ವಿಚಾರಿಸಿಟ್ಟೆ. ಮೂರನೇ ಸಲ ಆಕೆ ಬರಿಗೈಯಲ್ಲಿ ಬರಲಿಲ್ಲ.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ಪುಟ್ಟ ಅತ್ತಾಗಲೆಲ್ಲ ಅವನ ಅಕ್ಕನನ್ನು ತರಗತಿಯಿಂದ ಕರೆಸುತ್ತಿದ್ದೆವು. ಅವಳ ಗಣಿತದ ನೋಟ್ ಪುಸ್ತಕ ತೆರೆದು ನೋಡಿದರೆ ಅರ್ಧಕ್ಕೆ ನಿಂತ ಲೆಕ್ಕಗಳೇ ಹೆಚ್ಚು. ಈಗ ಅವಳನ್ನು ಕರೆಸುವುದಿಲ್ಲ.