ಗಡಿ ಕಾಯ್ದವರು, ಬದು ಕಾಯ್ದವರು

ಮಿಲ್ಟ್ರಿಯವರನ್ನು ಊಟಕ್ಕೆ ಕರೆಯುವವರಿಗೆ ಒಂದು ವಿಷಯ ಗೊತ್ತಿರಬೇಕು. ಹನ್ನೆರಡೂವರೆಗೆ ಬನ್ನಿ ಅಂದರೆ ಹನ್ನೆರಡಕ್ಕೇ ಗೇಟಿನ ಹತ್ತಿರ ನಿಂತಿರುತ್ತಾರೆ. ಅವತ್ತೂ ಹಾಗೇ ಆಯಿತು. ಎಣ್ಣೆಗಾಯಿ ಇನ್ನೂ ಒಲೆ ಮೇಲೆ ಕುದಿಯುತ್ತಿತ್ತು. ಅಷ್ಟರಲ್ಲೇ ಕುಂದಗೋಳದ ಬಸ್ಸಿಗೆ ಬಂದ ಐದಾರು ಮಂದಿ ಇಸ್ತ್ರಿ ಹಾಕಿದ ಬಿಳಿ ಅಂಗಿ, ಪಾಲಿಶ್ ಮಾಡಿದ ಬೂಟಿನಲ್ಲಿ ಹಾಜರ್. ಅಡಿಗೆಯವರು ನನ್ನ ಕಡೆ ತಿರುಗಿ, "ಅಕ್ಕಾರ, ಇವರಿಗೆ ಒಂದು ಗಂಟೆಗೆ ಅಂತ ಹೇಳಬೇಕಿತ್ರಿ" ಅಂದರು.

ನಾವು ಒಂದಷ್ಟು ಗೆಳೆಯರು ಸೇರಿ ಹುಬ್ಬಳ್ಳಿಯಲ್ಲಿ ಮಾಜಿ ಸೈನಿಕರಿಗೆ ಊಟ ಹಾಕುತ್ತೇವೆ. ಸಂಘ ಅಂತ ಏನಿಲ್ಲ. ಒಬ್ಬರು ಹಾಲ್ ಕೊಡುತ್ತಾರೆ, ಇನ್ನೊಬ್ಬರು ಕಿರಾಣಿ ಸಾಮಾನು ಕೊಡಿಸುತ್ತಾರೆ, ಉಳಿದವರದು ಮೈಕೆಲಸ. ಜನವರಿ 14 ಮಾಜಿ ಸೈನಿಕರ ದಿನ. ನಮ್ಮ ಕೊಡಗಿನ ಕಾರ್ಯಪ್ಪನವರು, ಅಂದರೆ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರು, 1953ರಲ್ಲಿ ನಿವೃತ್ತರಾದ ದಿನ ಅದು. ಆದರೆ ಅದು ಸರಿಯಾಗಿ ಸಂಕ್ರಾಂತಿ ಹೊತ್ತು. ಎಷ್ಟೋ ವರ್ಷ ಹಬ್ಬಕ್ಕೆ ರಜೆ ಸಿಗದೆ ಒದ್ದಾಡಿದವರನ್ನು ಈಗ ಹಬ್ಬದ ದಿನವೇ ಮನೆ ಬಿಡಿಸಿ ಕರೆಯೋದು ಯಾವ ನ್ಯಾಯ? ಅದಕ್ಕೇ ಹಬ್ಬ ಮುಗಿದ ಮೇಲಿನ ಭಾನುವಾರ ಇಟ್ಟುಕೊಂಡೆವು. ಅಡಿಗೆ ಮಾತ್ರ ಹಬ್ಬದ್ದೇ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಕಿ ಕಾಳಿನ ಪಲ್ಲೆ, ಗುರೆಳ್ಳು ಚಟ್ನಿ, ಮೊಸರು, ಶೇಂಗಾ ಹೋಳಿಗೆ. ಕೊನೆಗೆ ಅನ್ನ ಸಾರು.

ವೇದಿಕೆ ಇಲ್ಲ, ಮೈಕ್ ಇಲ್ಲ, ಶಾಲು ಹಾರ ಇಲ್ಲ. ಇದು ನನ್ನದೇ ಹಟ. ಆಗಸ್ಟ್ 15, ಜನವರಿ 26 ಬಂತೆಂದರೆ ಇವರನ್ನು ಕರೆಸಿ ಬಿಸಿಲಲ್ಲಿ ಕೂರಿಸುತ್ತಾರೆ. ಮುಖ್ಯ ಅತಿಥಿ ಬರೋದು ಎರಡು ತಾಸು ತಡ. ಆಮೇಲೆ ಒಂದು ಶಾಲು, ಒಂದು ಫೋಟೋ, ಆರಿದ ಉಪ್ಪಿಟ್ಟು. ಕರೆದವರಿಗೆ ಫೋಟೋ ಸಿಕ್ಕಿತು, ಬಂದವರಿಗೆ ಏನು ಸಿಕ್ಕಿತು? ಜವಾನರಾಗಿ ಸೇರಿದ ಹೆಚ್ಚಿನವರು ಹದಿನೈದು ಹದಿನೇಳು ವರ್ಷ ದುಡಿದು, ನಲವತ್ತರ ಆಸುಪಾಸಿನಲ್ಲೇ ಊರಿಗೆ ಬಂದಿರುತ್ತಾರೆ. ಮುಂದಿನ ಮೂವತ್ತು ನಲವತ್ತು ವರ್ಷ ನಮ್ಮ ನಡುವೆಯೇ ಇರುತ್ತಾರೆ. ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತಿರುವವರನ್ನು ನಾವು ಒಮ್ಮೆಯಾದರೂ ಮಾತಾಡಿಸಿದ್ದೇವಾ?

ಎಲೆ ಹಾಕಿದೆವು. ಒಬ್ಬರು ಮಾತ್ರ ಗೋಡೆಗೆ ಒರಗಿ ನಿಂತೇ ಇದ್ದರು. ಖಾಲಿ ಇದ್ದ ಎಲೆಯ ಪಕ್ಕ ಕೂತಿದ್ದವರು ನಿವೃತ್ತ ಸುಬೇದಾರರು, ಅಂದರೆ ಜವಾನರಿಗಿಂತ ಮೇಲಿನ ದರ್ಜೆಯವರು. "ಸಾಬ್ ಕುಂತಾರ್ರಿ, ನಾ ಮುಂದಿನ ಪಂಕ್ತಿಗೆ ಉಣ್ತೀನಿ" ಅಂದರು ನಿಂತಿದ್ದವರು. ಪಿಂಚಣಿ ಬಂದು ಇಪ್ಪತ್ತು ವರ್ಷವಾಗಿದೆ, ಇಬ್ಬರದೂ ತಲೆ ನೆರೆತಿದೆ, ಆದರೂ ಪಕ್ಕ ಕೂರಲು ಸಂಕೋಚ. ಸುಬೇದಾರರು ಅವರ ಕೈ ಹಿಡಿದು ಎಳೆದರು. "ಏ ಬಾರೋ, ಇದು ಬಡಾ ಖಾನಾ." ಅಷ್ಟು ಸಾಕಾಯಿತು. ಪಲ್ಟನ್ನಿನಲ್ಲಿ ವಿಶೇಷ ದಿನಗಳಲ್ಲಿ ಅಧಿಕಾರಿಗಳು, ಜವಾನರು ಎಲ್ಲ ಒಟ್ಟಿಗೆ ಉಣ್ಣುವ ದೊಡ್ಡ ಊಟಕ್ಕೆ ಹಾಗನ್ನುತ್ತಾರೆ. ಅವತ್ತು ಸಾಹೇಬರೇ ಬಕೆಟ್ ಹಿಡಿದು ಜವಾನರಿಗೆ ಬಡಿಸುವುದೂ ಉಂಟಂತೆ.

ಇನ್ನು ಅವರು ಉಣ್ಣುವ ವೇಗ! ನಾವು ಹೋಳಿಗೆಯ ಬುಟ್ಟಿ ಹಿಡಿದು ಸಾಲಿನ ತುದಿ ಮುಟ್ಟುವಷ್ಟರಲ್ಲಿ ಮೊದಲ ಎಲೆಯವರು ಅನ್ನಕ್ಕೆ ಕಾಯುತ್ತಿದ್ದರು. ಪಂಕ್ತಿ ಮುಗಿಯದೆ ಏಳುವಂತಿಲ್ಲ. ಸುಮ್ನೆ ಕೂತು ಏನು ಮಾಡೋದು? ಹಾಗಾಗಿ ಮಾತು ಶುರುವಾಯಿತು. ಯಾವ ಪಲ್ಟನ್, ಯಾವ ಇಸವಿ, ಎಲ್ಲೆಲ್ಲಿ ಪೋಸ್ಟಿಂಗ್ ಅಂತ.

ಕುಂದಗೋಳದವರು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಮಾತು ತೆಗೆದರು. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಮಂದಿ ಸಿಕ್ಕಿಬಿದ್ದಾಗ, ಆರು ದಿನದ ಮೇಲೂ ಅವರೊಬ್ಬರು ಉಸಿರಾಡುತ್ತಿದ್ದರು. ಇಡೀ ಜಿಲ್ಲೆ ದೇವರಿಗೆ ಹರಕೆ ಹೊತ್ತಿತ್ತು. 11ನೇ ತಾರೀಕು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದೇ ಹಿಮದಲ್ಲಿ ಕೆಲಸ ಮಾಡಿ ಬಂದ ಒಬ್ಬರು ನಮ್ಮ ಸಾಲಿನಲ್ಲೇ ಇದ್ದರು. "ಅಲ್ಲಿ ಹಸಿವೇ ಆಗೂದಿಲ್ರಿ. ಕಿತ್ತಳಿ ಹಣ್ಣು ಕಲ್ಲಾಗಿರ್ತದ. ಉಣ್ಣೂದೂ ಡ್ಯೂಟಿ ಅಂತ ತಿಳ್ಕೊಂಡು ಉಣಬೇಕು" ಅಂದವರೇ ಇನ್ನೊಂದು ರೊಟ್ಟಿ ಕೇಳಿದರು.

ಆದರೆ ಅವತ್ತಿನ ಗದ್ದಲವೆಲ್ಲ ಇದ್ದದ್ದು ಹೆಣ್ಣುಮಕ್ಕಳ ಸಾಲಿನಲ್ಲಿ. ಮೊದಲೆಲ್ಲ "ಮನಿಯವರನ್ನೂ ಕರ್ಕೊಂಡ ಬರ್ರಿ" ಅಂತ ಎಷ್ಟು ಹೇಳಿದರೂ ಗಂಡಸರಷ್ಟೇ ಬರುತ್ತಿದ್ದರು. ಈ ಸಲ ಫೋನ್ ಮಾಡಿದಾಗ ಅವರ ಹೆಂಡತಿಗೇ ಕೊಡಿ ಅಂತ ಕೇಳಿ, ಅವರನ್ನೇ ಕರೆದಿದ್ದೆ. ಬಂದರು ನೋಡಿ! ಮನಿ ಆರ್ಡರ್ ಬಂದ ದಿನವೇ ಸಾಲ ಕೇಳೋರು ಹೇಗೆ ಬಾಗಿಲಿಗೆ ಬರುತ್ತಿದ್ದರು ಅಂತ ಒಬ್ಬರು ಹೇಳಿದರು. ರಜೆಗೆ ಬಂದ ಅಪ್ಪನನ್ನು ಕಂಡು ಮಗು ಅತ್ತು ಒಳಗೆ ಓಡಿದ್ದನ್ನು ಇನ್ನೊಬ್ಬರು ಹೇಳಿದರು.

ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಎಲ್ಲ ಕೇಳಿಸಿಕೊಂಡು ಕೂತಿದ್ದರು. ಗಂಡ ಬೆಳಗಾವಿಯ ಮರಾಠಾ ಸೆಂಟರಿನಲ್ಲಿ ಟ್ರೇನಿಂಗ್ ಮುಗಿಸಿ, 1971ರ ಯುದ್ಧ ಕಂಡವರು. ಅಜ್ಜಿ ರೊಟ್ಟಿ ಮುರಿಯುತ್ತಾ ಹೇಳಿದರು, "ಇವ್ರು ದೇಶದ ಗಡಿ ಕಾಯ್ದ್ರವಾ. ಹೊಲದ ಬದು ಕಾಯ್ದಾಕಿ ನಾ."

ಗಂಡಸಿಲ್ಲದ ಮನೆ ಅಂತ ಪಕ್ಕದ ಹೊಲದವನಿಗೆ ಧೈರ್ಯ. ಪ್ರತಿ ಮುಂಗಾರಿಗೆ ರಂಟೆ ಹೊಡೆಯುವಾಗ ಬದುವನ್ನೂ ಸ್ವಲ್ಪ ಕೆತ್ತಿಕೊಂಡು, ಒಂದೊಂದೇ ಸಾಲು ಈ ಕಡೆ ಸರಿಯುತ್ತಿದ್ದನಂತೆ. ಹಿರಿಯರಿಗೆ ಹೇಳಿದರೆ "ನಿನ್ನ ಗಂಡ ಬರಲಿ, ನೋಡೋಣು" ಅನ್ನುವ ಉತ್ತರ. ಗಂಡ ಬರೋದು ವರ್ಷಕ್ಕೊಮ್ಮೆ. ಒಂದು ವರ್ಷ ಅಜ್ಜಿ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ಕೈಯಲ್ಲಿ ಕುಡಗೋಲು ಹಿಡಿದು ಹೋಗಿ ಬದುವಿನ ಮೇಲೆ ಕೂತರು.

"ಏನಂದ್ರಿ ಅವಗ?" ಅಂತ ಕೇಳಿದೆ.

"ಏನೂ ಅನಲಿಲ್ಲ. ಬಿತ್ತಿಗಿ ಮುಗಿಯೂತನಕ ದಿನಾ ಹೋಗಿ ಕುಂತೆ. ರಂಟಿ ತಿರುಗಿಸ್ಕೊಂಡು ಹೋದ."

"ಅಜ್ಜಾರಿಗೆ ಬರದ್ರಿಲ್ಲೋ?"

"ಯಾಕ ಬರೀಬೇಕವಾ? ಅಲ್ಲೇ ಬಂದೂಕ ಹಿಡದು ನಿಂತಾವಗ ಬದುವಿನ ಚಿಂತಿ ಹಚ್ಚೂದೇನು?"

ಅಜ್ಜ ಆಚೆ ಸಾಲಿನಲ್ಲಿ ಮೊಸರನ್ನ ಕಲಸುತ್ತಿದ್ದರು. ಅವರಿಗೆ ಈಗ ಕಿವಿ ಮಂದ. ಸುತ್ತಲಿನವರು ನಕ್ಕಿದ್ದು ಕಂಡು ತಾವೂ ನಕ್ಕರು.

ಊಟದ ಮೇಲೆ ಎಲೆ ಅಡಿಕೆ, ಜೊತೆಗೆ ಒಂದಿಷ್ಟು ಕಾಗದಪತ್ರದ ಕೆಲಸ. ಪಿಂಚಣಿ ನಿಲ್ಲದಿರಲು ವರ್ಷಕ್ಕೊಮ್ಮೆ ಬದುಕಿದ್ದೇನೆ ಅಂತ ತೋರಿಸಬೇಕು. ಹೊಲದಲ್ಲಿ ದುಡಿದು ಬೆರಳಿನ ಗೆರೆ ಸವೆದವರಿಗೆ ಹೆಬ್ಬೆಟ್ಟಿನ ಮಷಿನ್ ಒಲಿಯೋದೇ ಇಲ್ಲ. ಈಗ ಫೋನಿನಲ್ಲಿ ಮುಖ ತೋರಿಸಿಯೂ ಜೀವನ್ ಪ್ರಮಾಣ್ ಅನ್ನುವ ಆ ಪ್ರಮಾಣಪತ್ರ ಮಾಡಬಹುದು. ನಮ್ಮ ಹುಡುಗರಿಬ್ಬರು ಅದಕ್ಕೇ ಕೂತಿದ್ದರು.

ಅದಕ್ಕಿಂತ ದೊಡ್ಡ ತೊಡಕು ಹೆಂಡತಿಯ ಹೆಸರಿನದು. ನಮ್ಮ ಕಡೆ ಮದುವೆಯಲ್ಲಿ ಹೆಸರು ಬದಲಿಸುತ್ತಾರಲ್ವಾ? ಸೇನೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರಿನಲ್ಲಿ ತವರಿನ ಹೆಸರು. ಗಂಡ ಇರುವಾಗ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಆತ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆ ಆಕೆ ಅಲೆಯಬೇಕಾಗುತ್ತದೆ. ಆತ ಇದ್ದಾಗಲೇ ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಬರೆದು ಸರಿ ಮಾಡಿಸಿಕೊಳ್ಳೋದು ಸುಲಭ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರು ದಾರಿ ತೋರಿಸುತ್ತಾರೆ. ಇದನ್ನು ಹೇಳಿದ್ದೇ ತಡ, ಹೆಣ್ಣುಮಕ್ಕಳು ಆಚೆ ಸಾಲಿಗೆ ಹೋಗಿ ಗಂಡಂದಿರ ಜೇಬಿನಿಂದ, ಸೇನೆ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕಿನ ಝೆರಾಕ್ಸ್ ತೆಗೆಸಿದರು. ಬದುವಿನ ಅಜ್ಜಿಯ ಹೆಸರೂ ಎರಡು ಕಡೆ ಎರಡು ಥರ ಇತ್ತು. ಅರ್ಜಿ ಬರೆದುಕೊಟ್ಟೆವು.

ಹೊರಡುವಾಗ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದರು. ಆಶೀರ್ವಾದ ಮಾಡುತ್ತಾರೇನೋ ಅಂದುಕೊಂಡೆ. "ಯವ್ವಾ, ರೊಟ್ಟಿ ದಪ್ಪ ಆಗಿದ್ವು. ಮುಂದಿನ ಸಲ ಹಿಟ್ಟು ಕೊಟ್ಟು ಕಳಿಸು. ನಾನು, ನನ್ನ ಸೊಸಿ ಬಡದು ಕೊಡತೀವಿ" ಅಂದರು. ಆ ವಾರವೇ ಅವರ ಊರಿಗೆ ಹೋಗುವ ಬಸ್ಸಿನ ಟೈಮ್ ಕೇಳಿಟ್ಟುಕೊಂಡೆ. ಹಿಟ್ಟು ಎಷ್ಟು ಬೇಕು ಅಂತ ಅಡಿಗೆಯವರನ್ನು ಕೇಳಿದರೆ, ಅವರು ಮುಖ ಊದಿಸಿಕೊಂಡು, "ಆ ಅಜ್ಜಿನ್ನೇ ಕೇಳ್ರಿ" ಅನ್ನುತ್ತಾರೆ.