ಸಂಡೂರಿನಿಂದ ಜಲದುರ್ಗದವರೆಗೆ: ಸಿಗ್ನಲ್ ಸಿಗದ ದಾರಿಯಲ್ಲಿ ಗಾಡಿಯ ವೈರ್‌ಲೆಸ್

ಬಳ್ಳಾರಿಯಿಂದ ತೋರಣಗಲ್ಲಿನ ಮೇಲೆ ಸಂಡೂರು, ಅಲ್ಲಿಂದ ಹೊಸಪೇಟೆ, ಕಮಲಾಪುರ, ಬುಕ್ಕಸಾಗರದ ಸೇತುವೆ ದಾಟಿ ಆನೆಗೊಂದಿ, ಗಂಗಾವತಿ, ಮುಂದೆ ಕನಕಗಿರಿ, ತಾವರಗೇರಾ, ಮುದಗಲ್, ಲಿಂಗಸುಗೂರು, ಕೊನೆಗೆ ಕೃಷ್ಣೆಯ ಕವಲುಗಳ ನಡುವಿನ ಗುಡ್ಡದ ಮೇಲಿರುವ ಜಲದುರ್ಗ. ನಾವು ಮೂರು ಗಾಡಿಗಳಲ್ಲಿ ಹೋದ ದಾರಿ ಇದು. ಊರುಗಳಲ್ಲಿ ಫೋನಿಗೆ ತೊಂದರೆಯಿಲ್ಲ. ಆದರೆ ಗಂಡಿಗಳ ಒಳಗೆ, ಬಂಡೆಗುಡ್ಡಗಳ ಸಂದಿಯಲ್ಲಿ, ಊರಿಂದೂರಿಗೆ ಇರುವ ಬಯಲಿನ ಕೆಲವು ಕಡೆ, ಹೊಳೆಯ ದಂಡೆಯಲ್ಲಿ ಫೋನನ್ನು ನಂಬಿಕೊಂಡರೆ ಒಂದು ಗಾಡಿ ಎಲ್ಲಿದೆ ಎಂಬುದು ಇನ್ನೊಂದಕ್ಕೆ ತಿಳಿಯುವುದಿಲ್ಲ. ಗಾಡಿಯಿಂದ ಗಾಡಿಗೆ ಮಾತಾಡುವ ವೈರ್‌ಲೆಸ್ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಆದರೆ ಅದು ಗಾಡಿಗಳ ನಡುವಿನ ಮಾತಿಗೆ ಮಾತ್ರ. ಮನೆಗೆ ಕರೆ ಮಾಡಲು, ಆಂಬುಲೆನ್ಸ್ ಕರೆಸಲು ಅದು ಫೋನಿಗೆ ಬದಲಿಯಲ್ಲ ಎಂಬುದನ್ನು ಹೊರಡುವ ಮೊದಲೇ ಎಲ್ಲರಿಗೂ ಸ್ಪಷ್ಟಪಡಿಸಿಕೊಳ್ಳಬೇಕು.

ಮೊದಲ ಕೆಲಸ ಪರವಾನಗಿಯದು. ಗಾಡಿಗೆ ಅಳವಡಿಸುವ 25 ಅಥವಾ 50 ವಾಟ್‌ನ ಸೆಟ್ಟನ್ನು ಅಂಗಡಿಯಿಂದ ತಂದು ಹಾಗೆಯೇ ಬಳಸುವಂತಿಲ್ಲ. ನಮ್ಮ ಮೊದಲೆರಡು ಗಾಡಿಗಳಲ್ಲಿ ಹ್ಯಾಮ್, ಎಂದರೆ ಹವ್ಯಾಸಿ ರೇಡಿಯೊದ ಪರವಾನಗಿ ಇದ್ದವರು ಇದ್ದುದರಿಂದ 144ರಿಂದ 146 ಮೆಗಾಹರ್ಟ್ಸ್‌ನ ಹವ್ಯಾಸಿ ಬ್ಯಾಂಡಿನಲ್ಲಿ ಮಾತಾಡಲು ಅಡ್ಡಿಯಿರಲಿಲ್ಲ. ಕೇಂದ್ರ ದೂರಸಂಪರ್ಕ ಇಲಾಖೆ ನಡೆಸುವ ಪರೀಕ್ಷೆ ಪಾಸು ಮಾಡಿದ ಮೇಲೆ ಈ ಪರವಾನಗಿ ಸಿಗುತ್ತದೆ, ಹನ್ನೆರಡು ದಾಟಿದ ಮಕ್ಕಳೂ ಬರೆಯಬಹುದು. ಪರೀಕ್ಷೆಯಿಂದ ಪರವಾನಗಿ ಕೈಗೆ ಬರುವವರೆಗೆ ಕೆಲವು ತಿಂಗಳೇ ಹಿಡಿಯಬಹುದಾದ್ದರಿಂದ ಪ್ರವಾಸ ಗೊತ್ತಾದ ಮೇಲೆ ಓಡಾಡಿದರೆ ಪ್ರಯೋಜನವಿಲ್ಲ. ಹ್ಯಾಮ್ ಬ್ಯಾಂಡಿನಲ್ಲಿ ವ್ಯಾಪಾರದ ಮಾತು ನಿಷಿದ್ಧ. ಟ್ರಾವೆಲ್ಸ್ ನಡೆಸುವವರು ತಮ್ಮ ಗಾಡಿಗಳಿಗೆ ವೈರ್‌ಲೆಸ್ ಬೇಕೆಂದರೆ ಇಲಾಖೆಯಿಂದ ಪ್ರತ್ಯೇಕ ಪರವಾನಗಿ ಪಡೆಯಬೇಕು.

ಮೂರನೆಯ ಗಾಡಿಯಲ್ಲಿ ಪರವಾನಗಿ ಹೊಂದಿದವರು ಯಾರೂ ಇರಲಿಲ್ಲ. ಅವರಿಗೆ 446.0ರಿಂದ 446.2 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ, ಅರ್ಧ ವಾಟ್ ಮೀರದ ಕೈ ವಾಕಿಟಾಕಿಯನ್ನು ಕೊಟ್ಟು, ಅದರ ಜೋಡಿಯನ್ನು ನಡುವಿನ ಗಾಡಿಯಲ್ಲಿ ಇಟ್ಟುಕೊಂಡೆವು. 2018ರ ನಿಯಮಗಳ ಪ್ರಕಾರ ಈ ಬ್ಯಾಂಡಿಗೆ ಪರವಾನಗಿ ಬೇಕಿಲ್ಲ, ಆದರೆ ಸೆಟ್ಟಿಗೆ ಇಲಾಖೆಯ ಮಾದರಿ ಅನುಮೋದನೆ ಇರಲೇಬೇಕು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ 5 ವಾಟ್‌ನ ಸೆಟ್ಟುಗಳನ್ನು ನೋಡಿ ಮರುಳಾಗಬೇಡಿ. ಅವುಗಳಲ್ಲಿ ಹೆಚ್ಚಿನವು 136ರಿಂದ 174 ಮೆಗಾಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ಟ್ರಾನ್ಸ್‌ಮಿಟ್ ಮಾಡುತ್ತವೆ. ವಿಮಾನಗಳು ಮಾತಾಡುವ ಬ್ಯಾಂಡು 137ಕ್ಕೆ ಮುಗಿಯುವುದರಿಂದ ಅದರ ಕೊನೆಯ ತುದಿಯೂ ಈ ಸೆಟ್ಟುಗಳಿಗೆ ಎಟುಕುತ್ತದೆ. ತೋರಣಗಲ್ಲಿನ ಬಳಿ ವಿಮಾನ ನಿಲ್ದಾಣವಿದೆ ಎಂಬುದನ್ನು ನೆನಪಿಡಿ. ಇಂಥ ಸೆಟ್ಟುಗಳ ಅಕ್ರಮ ಮಾರಾಟ ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ. ದುಬೈಯಿಂದ ಬಂದ ನೆಂಟರು ತಂದ ಸ್ಯಾಟಲೈಟ್ ಫೋನು ಇದ್ದರೆ ಅದನ್ನು ಮನೆಯಲ್ಲೇ ಬಿಡಿ, ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ.

ಇನ್ನು ಅಳವಡಿಕೆ. ಸೆಟ್ಟಿನ ಬೆಲೆಗಿಂತ ಆಂಟೆನಾ ಕೂರಿಸಿದ ಜಾಗವೇ ಹೆಚ್ಚು ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. 145 ಮೆಗಾಹರ್ಟ್ಸ್‌ಗೆ ತರಂಗದ ಉದ್ದದ ಕಾಲು ಭಾಗದಷ್ಟಿರುವ ಆಂಟೆನಾ ಸುಮಾರು ಅರ್ಧ ಮೀಟರ್ ಉದ್ದ ಬರುತ್ತದೆ. ಗಾಡಿಯ ಕಬ್ಬಿಣದ ಟಾಪ್ ಅದರ ಇನ್ನರ್ಧದಂತೆ ಕೆಲಸ ಮಾಡುವುದರಿಂದ ಟಾಪಿನ ನಟ್ಟನಡುವೆ ಕೂರಿಸಿದರೆ ಸುತ್ತಲೂ ಸಮನಾಗಿ ಹರಡುತ್ತದೆ, ಬಾನೆಟ್ ಅಂಚಿಗೆ ಕೂರಿಸಿದರೆ ಒಂದು ದಿಕ್ಕು ಸೊರಗುತ್ತದೆ. ಅಯಸ್ಕಾಂತದ ಬುಡವಿರುವ ಆಂಟೆನಾ ಸುಲಭ, ಆದರೆ ಗಾಜಿನ ಸನ್‌ರೂಫ್ ಇರುವ ಗಾಡಿಗಳಲ್ಲಿ ಅದು ಹಿಡಿಯುವ ಜಾಗವೇ ಉಳಿದಿರುವುದಿಲ್ಲ. ಕೇಬಲ್ಲನ್ನು ಬಾಗಿಲಿನ ರಬ್ಬರಿನ ಮೆತ್ತನೆಯ ಕಡೆಯಿಂದ ಒಳಗೆ ತನ್ನಿ. ಕೀಲಿನ ಬಳಿ ತಂದರೆ ಬಾಗಿಲು ಹಾಕಿದಾಗಲೆಲ್ಲ ಜಜ್ಜಿ ಒಳಗಿನ ತಂತಿ ಹಾಳಾಗುತ್ತದೆ. ಕರೆಂಟನ್ನು ಸಿಗರೇಟ್ ಸಾಕೆಟ್ಟಿನಿಂದ ತೆಗೆಯಬೇಡಿ. 50 ವಾಟ್‌ನ ಸೆಟ್ಟು ಮಾತಾಡುವಾಗ 10 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ, ಸಾಕೆಟ್ಟಿನ ಸಡಿಲ ಸಂಪರ್ಕ ಅದಕ್ಕೆ ತಾಳುವುದಿಲ್ಲ. ಬ್ಯಾಟರಿಯಿಂದ ನೇರ ವೈರು, ಬ್ಯಾಟರಿಯ ಹತ್ತಿರವೇ ಫ್ಯೂಜು, ಇಷ್ಟನ್ನು ಗೊತ್ತಿರುವ ಆಟೊ ಎಲೆಕ್ಟ್ರಿಷಿಯನ್ ಒಬ್ಬರಿಂದ ಮಾಡಿಸಿ, ಊರೊಳಗೇ ಒಂದು ಸುತ್ತು ಮಾತಾಡಿ ನೋಡಿ ಹೊರಡಿ.

ಸಂಡೂರಿನ ದಾರಿಯಲ್ಲಿ ಮೊದಲ ಪರೀಕ್ಷೆ ಗುಡ್ಡಗಳ ನಡುವಿನ ಇಕ್ಕಟ್ಟಾದ ಸಂದಿಯಾದ ಭೀಮಗಂಡಿಯದು. ಮುಂದಿನ ಗಾಡಿ ಗಂಡಿಯೊಳಗೆ ತಿರುಗಿತೋ ಇಲ್ಲವೋ, ಅಲ್ಲಿಯತನಕ ಪಕ್ಕದಲ್ಲಿ ಕೂತು ಮಾತಾಡಿದಂತೆ ಕೇಳುತ್ತಿದ್ದ ದನಿ ಒಂದೇ ತಿರುವಿನಲ್ಲಿ ಬರೀ ಸರಬರ ಸದ್ದಾಯಿತು. ಗುಡ್ಡದಲ್ಲಿರುವ ಕಬ್ಬಿಣದ ಅದಿರು ಸಿಗ್ನಲ್ಲನ್ನು ಎಳೆದುಕೊಳ್ಳುತ್ತದೆ ಎಂದು ಈ ಭಾಗದಲ್ಲಿ ಹೇಳುವವರಿದ್ದಾರೆ, ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಅದಿರಿಲ್ಲದ ಆನೆಗೊಂದಿಯ ಕಲ್ಲುಗುಡ್ಡವೂ ಇಷ್ಟೇ ಚೆನ್ನಾಗಿ ತಡೆಯುತ್ತದೆ. ಈ ತರಂಗಗಳು ಹೆಚ್ಚುಕಡಿಮೆ ನೇರ ನೋಟದ ಗೆರೆಯಲ್ಲೇ ಸಾಗುತ್ತವೆ, ನಡುವೆ ಗುಡ್ಡ ಬಂದರೆ ಮುಗಿಯಿತು. ಆದ್ದರಿಂದ ಗಂಡಿಗೆ ಇಳಿಯುವ ಮೊದಲೇ ಮುಂದಿನ ಗಾಡಿಯವರು ಹೇಳಿ ಇಳಿಯಬೇಕು, ದಾಟಿದ ಮೇಲೆ ಮೊದಲ ಬಯಲಿನಲ್ಲಿ ನಿಂತು ಹಿಂದಿನವರಿಗಾಗಿ ಕಾಯಬೇಕು. ಅದಿರಿನ ಲಾರಿಗಳ ಓಡಾಟವಿರುವ ಈ ರಸ್ತೆಯಲ್ಲಿ ವೈರ್‌ಲೆಸ್‌ನ ನಿಜವಾದ ಉಪಯೋಗ ಕಂಡದ್ದು ಇಂಥ ಮಾತುಗಳಲ್ಲಿ: "ಎದುರಿಗೆ ಎರಡು ಟಿಪ್ಪರ್ ಬರಾಕತ್ತಾವ್ರಿ, ಧೂಳು ಭಾಳ ಐತಿ, ಅಲ್ಲೇ ಎಡಕ್ಕ ನಿಲ್ರಿ." ಮೈಕು ಯಾವಾಗಲೂ ಪಕ್ಕದ ಸೀಟಿನಲ್ಲಿ ಕೂತವರ ಕೈಯಲ್ಲಿರಲಿ, ಡ್ರೈವರ್ ಕೈಗೆ ಕೊಡಬೇಡಿ. ಹ್ಯಾಮ್ ಸೆಟ್ಟಾದರೆ ಆ ಸೀಟಿನಲ್ಲಿ ಪರವಾನಗಿ ಇದ್ದವರೇ ಕೂರಬೇಕು, ಮಾತಿನ ಆರಂಭದಲ್ಲೂ ಕೊನೆಯಲ್ಲೂ ಪರವಾನಗಿಯೊಂದಿಗೆ ಸಿಕ್ಕ ಗುರುತಾದ ತಮ್ಮ ಕಾಲ್‌ಸೈನ್ ಹೇಳಬೇಕು. ಮಗು ಕೇಳಿತೆಂದು ಮೈಕು ಕೊಡುವುದು ಬೇಡ.

ಕುಮಾರಸ್ವಾಮಿ ಬೆಟ್ಟದ ದಾರಿಯಲ್ಲಿ ಒಂದು ಉಪಾಯ ಚೆನ್ನಾಗಿ ನಡೆಯಿತು. ಮೇಲೇರಿದ ಗಾಡಿ ಎತ್ತರದ ತಿರುವಿನಲ್ಲಿ ನಿಂತು, ಕೆಳಗಿನ ಕಣಿವೆಯಲ್ಲಿ ಒಬ್ಬರಿಗೊಬ್ಬರು ಕೇಳದಿದ್ದವರ ಮಾತನ್ನು ಅತ್ತಿಂದಿತ್ತ ದಾಟಿಸಿತು. ಹೀಗೆ ದಾಟಿಸುವವರು ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಬೇಕು, ತಮ್ಮ ಸಲಹೆಯನ್ನು ಸೇರಿಸಬಾರದು. ಗಣಿಗಳ ಸೀಮೆಯಾದ್ದರಿಂದ ಇನ್ನೊಂದು ಎಚ್ಚರಿಕೆಯೂ ಬೇಕು. ಬಂಡೆ ಸಿಡಿಸಲು ಬಳಸುವ ವಿದ್ಯುತ್ ಡಿಟೊನೇಟರುಗಳು ಹತ್ತಿರದ ಟ್ರಾನ್ಸ್‌ಮಿಟರಿನ ತರಂಗದಿಂದ ಅಕಾಲದಲ್ಲಿ ಸಿಡಿಯುವ ಅಪಾಯವಿದೆ. ಬ್ಲಾಸ್ಟಿಂಗ್ ಬೋರ್ಡು ಕಂಡಲ್ಲಿ ಸೆಟ್ಟನ್ನು ಪೂರ್ತಿ ಆರಿಸಿ, ಸಾಕಷ್ಟು ದೂರ ಹೋದ ಮೇಲೆ ಮಾತಾಡಿ. ಸಂಡೂರಿನ ಗಣಿಗಳಿಗೆ ಮಾತ್ರವಲ್ಲ, ಮುಂದೆ ಕುಷ್ಟಗಿ ಸೀಮೆಯ ಗ್ರಾನೈಟ್ ಕ್ವಾರಿಗಳಿಗೂ ಇದು ಅನ್ವಯಿಸುತ್ತದೆ.

ಆನೆಗೊಂದಿಯ ಬಂಡೆಗಳ ನಡುವೆ ಸಿಗ್ನಲ್ಲಿನ ವರ್ತನೆಯೇ ಬೇರೆ. ಅಲ್ಲಿ ತರಂಗಗಳು ಬಂಡೆಯಿಂದ ಬಂಡೆಗೆ ತಾಗಿ ಹಲವು ದಾರಿಗಳಿಂದ ಬರುತ್ತವೆ. ಒಂದು ಜಾಗದಲ್ಲಿ ಅವು ಕೂಡಿ ಬಲವಾಗುತ್ತವೆ, ಅಲ್ಲೇ ಪಕ್ಕದಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ತರಂಗದ ಉದ್ದ ಎರಡು ಮೀಟರ್ ಇರುವುದರಿಂದ ಗಾಡಿಯನ್ನು ಅರ್ಧ ಮೀಟರ್ ಮುಂದೆ ತಂದರೂ ಸತ್ತಿದ್ದ ದನಿ ಮರಳುತ್ತದೆ. ನಾವು ಒಂದು ಬಂಡೆಯ ನೆರಳಿನಲ್ಲಿ ನಿಲ್ಲಿಸಿದ್ದಾಗ ಏನೂ ಕೇಳದೆ, ಚಕ್ರ ಇನ್ನೂ ಒಂದು ಸುತ್ತು ಪೂರ್ತಿ ಉರುಳುವ ಮೊದಲೇ "ಕೇಳಸ್ತೈತೇನ್ರಿ, ಕೇಳಸ್ತೈತೇನ್ರಿ" ಎಂಬ ಕರೆ ಸ್ಪಷ್ಟವಾಗಿ ಬಂತು. ಹಾಗಾಗಿ ಸದ್ದಿಲ್ಲವೆಂದು ಪವರ್ ಏರಿಸುವ ಮೊದಲು ಗಾಡಿಯನ್ನು ಸ್ವಲ್ಪ ಸರಿಸಿ ನೋಡಿ, ಸರಬರ ಸದ್ದನ್ನು ಅಡಗಿಸುವ ಸ್ಕ್ವೆಲ್ಚ್ ಗುಂಡಿಯನ್ನು ಇಳಿಸಿ ನೋಡಿ. ಸದ್ದಿನ ಅಡಿಯಲ್ಲಿ ಮಾತು ಇರುತ್ತದೆ, ಸ್ಕ್ವೆಲ್ಚ್ ಅದನ್ನು ಮುಚ್ಚಿರುತ್ತದೆ.

ಗಂಗಾವತಿಯ ಭತ್ತದ ಗದ್ದೆಗಳು ಮತ್ತು ರೈತರು ನೆಲೆಸಿದ ಕ್ಯಾಂಪುಗಳನ್ನು ದಾಟಿ ಕನಕಗಿರಿಯಿಂದ ಮುದಗಲ್ಲಿನವರೆಗಿನ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೆಲ ಬಹುಪಾಲು ಬಯಲು, ಮಾತು ಸಲೀಸು. ನೆಲದಿಂದ ಎರಡು ಮೀಟರ್ ಎತ್ತರದ ಆಂಟೆನಾಗಳಿರುವ ಎರಡು ಗಾಡಿಗಳ ನಡುವೆ, ಏನೂ ಅಡ್ಡವಿಲ್ಲದಿದ್ದರೆ, ಲೆಕ್ಕದ ಪ್ರಕಾರ ಸುಮಾರು 12 ಕಿಲೋಮೀಟರ್ ಎಟುಕಬೇಕು. ರಸ್ತೆಯ ಮೇಲೆ ಅದರ ಅರ್ಧವನ್ನು ನಂಬಿಕೊಳ್ಳುವುದು ಕ್ಷೇಮ. ಅರ್ಧ ವಾಟ್‌ನ ವಾಕಿಟಾಕಿಗೆ ಗಾಡಿಯ ಒಳಗಿನಿಂದ ಒಂದೆರಡು ಕಿಲೋಮೀಟರ್ ಸಿಕ್ಕರೆ ಅದೇ ದೊಡ್ಡದು, ಆದ್ದರಿಂದ ಅದನ್ನು ಹಿಡಿದ ಗಾಡಿ ಯಾವಾಗಲೂ ಕಣ್ಣಳತೆಯಲ್ಲಿರಲಿ. ರಸ್ತೆ ಕವಲಾದಲ್ಲಿ ಮುಂದಿನವರು ಊರಿನ ಹೆಸರು ಹೇಳಿ ತಿರುಗಬೇಕು, "ಎಡಕ್ಕೆ" ಎಂದಷ್ಟೇ ಹೇಳಿದರೆ ಹಿಂದಿನವರು ಬೇರೆ ಎಡಕ್ಕೆ ಹೋಗುತ್ತಾರೆ. ಒಳರಸ್ತೆಗಳಲ್ಲಿ ಎರಡೂ ಕಡೆಯಿಂದ ಚಾಚಿರುವ ಬಳ್ಳಾರಿ ಜಾಲಿಯ ಕೊಂಬೆಗಳು ಆಂಟೆನಾವನ್ನು ಬಾರಿಸಿ ಕೆಡವುತ್ತವೆ. ಬುಡಕ್ಕೆ ಸ್ಪ್ರಿಂಗ್ ಇರುವುದನ್ನು ಕೊಳ್ಳಿ.

ಜಲದುರ್ಗದಲ್ಲಿ ಎತ್ತರದ ಬೆಲೆ ಅರ್ಥವಾಗುತ್ತದೆ. ಹೊಳೆಯ ಪಾತ್ರದ ಬಳಿ ನಿಂತಾಗ ಫೋನೂ ಇಲ್ಲ, ಹಿಂದೆ ಉಳಿದಿದ್ದ ಗಾಡಿಯ ದನಿಯೂ ಇಲ್ಲ. ಕೋಟೆಯ ಗೋಡೆಯ ಮೇಲೆ ಹತ್ತಿ ಕೈಸೆಟ್ಟಿನಲ್ಲಿ ಕರೆದಾಗ ಲಿಂಗಸುಗೂರಿನ ದಾರಿಯಲ್ಲಿದ್ದ ಆ ಗಾಡಿಯವರು ತಕ್ಷಣ ಓಗೊಟ್ಟರು. 50 ಮೀಟರ್ ಎತ್ತರದಲ್ಲಿ ನಿಂತವರ ರೇಡಿಯೊ ದಿಗಂತ, ಎಂದರೆ ತರಂಗ ನೇರವಾಗಿ ಮುಟ್ಟುವ ನೆಲದ ಗಡಿ, ಸುಮಾರು 29 ಕಿಲೋಮೀಟರ್‌ಗೆ ಹೋಗುತ್ತದೆ, ಎರಡು ಮೀಟರಿನದು ಆರನ್ನೂ ಮುಟ್ಟುವುದಿಲ್ಲ. ಹತ್ತು ಪಟ್ಟು ಪವರ್ ಕೊಟ್ಟರೂ ಈ ವ್ಯತ್ಯಾಸವನ್ನು ತುಂಬಲಾಗದು. ಹೊಳೆಯ ಕಡೆಗೆ ಇಳಿಯುವವರು ಮೇಲೆ ಒಬ್ಬರನ್ನು ಸೆಟ್ಟಿನೊಂದಿಗೆ ಬಿಟ್ಟೇ ಇಳಿಯಲಿ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂದು ಹೇಳಿ ಇಳಿಯಲಿ. ಆ ಹೊತ್ತು ಮೀರಿದರೆ ಮೇಲಿನವರು ಏನು ಮಾಡಬೇಕೆಂಬುದೂ ಮೊದಲೇ ನಿಶ್ಚಯವಾಗಿರಲಿ. ತುರ್ತು ಬಂದರೆ ಫೋನಿನಲ್ಲಿ ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ 112 ಒತ್ತಿ ನೋಡಿ. ಬೇರೆ ಕಂಪನಿಯ ಟವರ್ ಸಿಕ್ಕರೂ ಆ ಕರೆ ಹೋಗುತ್ತದೆ. ಗುಂಪಿನಲ್ಲಿ ಬೇರೆಬೇರೆ ಕಂಪನಿಯ ಸಿಮ್‌ಗಳಿರುವಂತೆ ನೋಡಿಕೊಳ್ಳುವುದು ಒಳ್ಳೆಯದು.

ರಾಯಚೂರು ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಸೀಟಿನಡಿ ಗಾಳಿಯಾಡದೆ ಕೂತ ಸೆಟ್ಟು ಮುಟ್ಟಲಾರದಷ್ಟು ಕಾಯುತ್ತದೆ, ಕಾದ ಮೇಲೆ ತಾನೇ ಪವರ್ ಇಳಿಸಿಕೊಳ್ಳುವ ಸೆಟ್ಟುಗಳೂ ಇವೆ. ಮಳೆಗಾಲ ಮುಗಿದ ಮೇಲೆ ಹೊರಡುವುದು ಗಾಡಿಗೂ ಸೆಟ್ಟಿಗೂ ಹಿತ. ಮಾತು ಚಿಕ್ಕದಾಗಿರಲಿ, ಕಡಿಮೆ ಪವರಿನಲ್ಲಿ ಕೇಳುವಷ್ಟು ಕಾಲ ಅದರಲ್ಲೇ ಇರಿ. ಪರವಾನಗಿಯ ಪ್ರತಿ ಮತ್ತು ಸೆಟ್ಟಿನ ಬಿಲ್ಲು ಡ್ಯಾಶ್‌ಬೋರ್ಡಿನಲ್ಲಿ ಕೈಗೆ ಸಿಗುವಂತಿರಲಿ, ಚೆಕ್‌ಪೋಸ್ಟಿನಲ್ಲಿ ಉದ್ದನೆಯ ಆಂಟೆನಾ ಕಂಡರೆ ಕೇಳುವುದು ಸಹಜ. ಲಿಂಗಸುಗೂರಿನಿಂದ ರಾಯಚೂರಿನ ಕಡೆಗೆ ಹೆದ್ದಾರಿ ಹಿಡಿದ ಮೇಲೆ ನಮಗೆ ಫೋನೇ ಸಾಕಾಯಿತು. ಅಲ್ಲಿ ಅಯಸ್ಕಾಂತದ ಆಂಟೆನಾವನ್ನು ಕಿತ್ತು, ಬುಡಕ್ಕೆ ಅಂಟಿದ ಕೆಂಧೂಳನ್ನು ಒರೆಸಿ ಒಳಗಿಟ್ಟುಕೊಳ್ಳಿ. ಹಾಗೆಯೇ ಬಿಟ್ಟರೆ ಆ ಧೂಳೇ ಟಾಪಿನ ಬಣ್ಣವನ್ನು ಗೀರುತ್ತದೆ.